ಡಿಸೆಂಬರ್ ರಶ್‌ಗೆ ಆಟೋಸ್ಕೇಲಿಂಗ್ ಹಾಕಿದೆ, ಬಂದ ದುಡ್ಡೆಲ್ಲ ಬಿಲ್‌ಗೇ ಹೋಯಿತು

ಮಡಿಕೇರಿ_ಹೋಸ್ಟ್:
ನಮಸ್ಕಾರ. ಮಡಿಕೇರಿಯಲ್ಲಿ ಕೂತು ಚಿಕ್ಕದಾಗಿ ವೆಬ್ ಹೋಸ್ಟಿಂಗ್ ನಡೆಸುತ್ತೇನೆ. 64 ಸೈಟ್, ಮುಕ್ಕಾಲು ಪಾಲು ಹೋಂಸ್ಟೇಗಳದ್ದು, ಉಳಿದದ್ದು ಕಾಫಿಪುಡಿ, ಕಾಳುಮೆಣಸು, ಜೇನು ಮಾರುವವರದ್ದು. ಎಲ್ಲ ವರ್ಡ್‌ಪ್ರೆಸ್ (ಸೈಟ್ ಕಟ್ಟುವ ರೆಡಿ ಸಾಫ್ಟ್‌ವೇರ್). ಸೈಟಿಗೆ ವರ್ಷಕ್ಕೆ 2,400 ರೂಪಾಯಿ, ಅಂದರೆ ತಿಂಗಳಿಗೆ 12,800 ಬರುತ್ತದೆ.

ಮಳೆಗಾಲದಲ್ಲಿ ಸರ್ವರ್ ಸುಮ್ನೆ ಮಲಗಿರುತ್ತದೆ. ಕ್ರಿಸ್‌ಮಸ್ ವಾರ ಬಂತು ಅಂದರೆ ಎಲ್ಲರೂ ಒಂದೇ ಸಲ ಮುಗಿಬೀಳುತ್ತಾರೆ. ಹೋದ ವರ್ಷ ಡಿಸೆಂಬರ್ 24ಕ್ಕೆ ಎಲ್ಲ ಸೈಟ್ ಬಿದ್ದು ಚೆನ್ನಾಗಿ ಬೈಸಿಕೊಂಡೆ. ಅದಕ್ಕೇ ಈ ಸಲ ಕ್ಲೌಡ್‌ಗೆ, ಅಂದರೆ ಬಾಡಿಗೆ ಸರ್ವರ್‌ಗಳಿಗೆ ಹಾಕಿ, ಆಟೋಸ್ಕೇಲಿಂಗ್ ಆನ್ ಮಾಡಿದೆ: ಪೇಜ್ ತೆರೆಯಲು 2 ಸೆಕೆಂಡ್ ದಾಟಿದರೆ ಇನ್ನೊಂದು ಮಷೀನ್ ಏಳಲಿ, ಜಾಸ್ತಿ ಅಂದರೆ 8 ಅಂತ ಇಟ್ಟೆ. ಸೈಟ್ ಬೀಳಲಿಲ್ಲ. ಆದರೆ ಮಾಮೂಲಿ 5,500 ಬರುವ ಬಿಲ್ 21,300 ಬಂತು, 8 ಮಷೀನ್ ಓಡುತ್ತಿದ್ದರೂ ಬುಕಿಂಗ್ ಪೇಜ್ ಆಮೆ ಥರ, ಜನವರಿ 10 ಆದರೂ ಮಷೀನ್ ಕಡಿಮೆಯಾಗಿಲ್ಲ. ಏನು ತಪ್ಪು ಮಾಡಿದೆ?

ಕುಶಾಲನಗರ_ಲಿನಕ್ಸ್:
ಡೇಟಾಬೇಸ್ ಒಂದೇ ಅಲ್ವಾ? ಹಾಗಿದ್ದರೆ ಎಂಟೂ ಮಷೀನ್ ಹೋಗಿ ಅದೇ ಮೈಎಸ್‌ಕ್ಯೂಎಲ್ ಡೇಟಾಬೇಸ್ ಮುಂದೆ ಕ್ಯೂ ನಿಂತಿವೆ. ಅದು ನಿಧಾನ ಆದಷ್ಟೂ ನಿಮ್ಮ ರೂಲ್ ಇನ್ನೊಂದು ಮಷೀನ್ ಎಬ್ಬಿಸುತ್ತದೆ, ಅದರಿಂದ ಡೇಟಾಬೇಸ್ ಇನ್ನೂ ನಿಧಾನ. ಅಡುಗೆಯವನು ಒಬ್ಬನೇ ಇರುವಾಗ ಬಡಿಸುವವರನ್ನು ಎಂಟು ಮಾಡಿದ ಹಾಗೆ.

ಮೊದಲು ಪೇಜ್ ಕ್ಯಾಶ್ ಹಾಕಿ, ಅಂದರೆ ಒಮ್ಮೆ ತಯಾರಾದ ಪೇಜನ್ನು ಇಟ್ಟುಕೊಂಡು ಅದನ್ನೇ ಎಲ್ಲರಿಗೂ ಕೊಡುವುದು. ಹೋಂಸ್ಟೇ ಫೋಟೋ ಪೇಜ್ ಎಲ್ಲರಿಗೂ ಒಂದೇ, ಅದಕ್ಕೆ ಪ್ರತಿ ಸಲ ಪಿಎಚ್‌ಪಿ (ಪೇಜ್ ತಯಾರಿಸುವ ಪ್ರೋಗ್ರಾಂ) ಓಡಿಸುವುದು ಯಾಕೆ? ಬುಕಿಂಗ್ ಫಾರ್ಮ್ ಮಾತ್ರ ಸರ್ವರ್ ತನಕ ಬರಲಿ. ಫೋಟೋಗಳನ್ನು ವೆಬ್‌ಪಿ (ಚಿಕ್ಕ ಸೈಜಿನ ಫಾರ್ಮ್ಯಾಟ್) ಮಾಡಿ ಕ್ಲೌಡ್‌ಫ್ಲೇರ್ ಹಿಂದೆ ಇಡಿ, ಅವರೇ ಪ್ರತಿ ಇಟ್ಟುಕೊಂಡು ಜನರಿಗೆ ಕೊಡುತ್ತಾರೆ, ಫ್ರೀ ಪ್ಲಾನ್ ಸಾಕು. ಹೊರಗೆ ಹೋಗುವ ಡೇಟಾಕ್ಕೂ ಜಿಬಿ ಲೆಕ್ಕದಲ್ಲಿ ದುಡ್ಡು ಕೊಡುತ್ತಿದ್ದೀರಿ, ಮರೆಯಬೇಡಿ. ಆಮೇಲೆ ಲಾಗ್ (ಯಾರು ಯಾವ ಪೇಜ್ ಕೇಳಿದರು ಅನ್ನುವ ದಾಖಲೆ) ತೆಗೆದು ನೋಡಿ, ಬಂದವರಲ್ಲಿ ಮನುಷ್ಯರೆಷ್ಟು ಅಂತ.

ಮಡಿಕೇರಿ_ಹೋಸ್ಟ್:
ಅಯ್ಯೋ, ಲಾಗ್ ನೋಡಿದೆ. ಒಂದು ರೆಸಾರ್ಟ್ ಸೈಟಿನ ಕ್ಯಾಲೆಂಡರ್‌ನಲ್ಲಿ ‘ಮುಂದಿನ ತಿಂಗಳು’ ಅಂತ ಲಿಂಕ್ ಇದೆ. ಯಾವುದೋ ಬಾಟ್ (ತಾನೇ ಸೈಟ್ ಜಾಲಾಡುವ ಪ್ರೋಗ್ರಾಂ) ಅದನ್ನೇ ಒತ್ತುತ್ತಾ ಒತ್ತುತ್ತಾ 2071ರ ಮೇ ತಿಂಗಳಿಗೆ ರೂಮ್ ಇದೆಯಾ ಅಂತ ನೋಡುತ್ತಿದೆ.

ತೋಟದಕ್ಕ_ವಿರಾಜಪೇಟೆ:
😄 ಆ ಗಿರಾಕಿಗೆ ನಾವು ಮಷೀನ್ ಬಾಡಿಗೆ ಕಟ್ಟಬೇಕು ನೋಡಿ. ಬಾಟ್‌ಗಳಿಗೆ ಎಲ್ಲಿ ಬರಬೇಡಿ ಅಂತ ಹೇಳುವ ರೋಬೋಟ್ಸ್ ಫೈಲ್‌ನಲ್ಲಿ ಕ್ಯಾಲೆಂಡರ್ ಮುಚ್ಚಿ. ಅದಕ್ಕೂ ಬಗ್ಗದವರಿಗೆ ನಿಮಿಷಕ್ಕೆ ಇಷ್ಟೇ ಅಂತ ಮಿತಿ ಹಾಕಿ.

ನಾನು ಇದನ್ನು ತೋಟದ ಲೆಕ್ಕದಲ್ಲೇ ನೋಡುತ್ತೇನೆ. ಲೈನ್‌ಮನೆಯಲ್ಲಿ ವರ್ಷವಿಡೀ ಇರುವ ಆಳುಗಳು ಬೇರೆ, ಕಾಫಿ ಕೊಯ್ಲಿಗೆ ಬರುವವರು ಬೇರೆ. ಅಮೆಜಾನ್ ಕ್ಲೌಡ್‌ನಲ್ಲಿ 1 ಅಥವಾ 3 ವರ್ಷ ಇಷ್ಟು ಬಳಸುತ್ತೇವೆ ಅಂತ ಮೊದಲೇ ಒಪ್ಪಿಕೊಂಡರೆ 72% ತನಕ ಕಡಿಮೆ ಅಂತಾರೆ. ಆದರೆ ಆಗಸ್ಟ್ ತಿಂಗಳಿಗೆ ಎಷ್ಟು ಬೇಕೋ ಅಷ್ಟಕ್ಕೆ ಮಾತ್ರ ಒಪ್ಪಿಕೊಳ್ಳಿ, ಡಿಸೆಂಬರ್ ನೋಡಿ ಅಲ್ಲ. ಅದಕ್ಕಿಂತ ಜಾಸ್ತಿ ಬೇಕಾದದ್ದನ್ನು ಗಂಟೆ ಲೆಕ್ಕದಲ್ಲಿ ತಗೊಳ್ಳಿ. ನಮ್ಮಲ್ಲಿ ರಶ್ ಯಾವಾಗ ಅಂತ ಮೊದಲೇ ಗೊತ್ತು: ವೀಕೆಂಡ್, ದಸರಾ ರಜೆ, ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣ, ವರ್ಷದ ಕೊನೆ ವಾರ. ಅದಕ್ಕೆ ಟೈಮ್ ಹಾಕಿಟ್ಟರೆ ಜನ ಬರುವ ಮೊದಲೇ ಮಷೀನ್ ರೆಡಿ.

ಸ್ಪಾಟ್ ಮಷೀನ್, ಅಂದರೆ ಅವರ ಹತ್ತಿರ ಖಾಲಿ ಬಿದ್ದಿರುವ ಮಷೀನ್, 90% ತನಕ ಅಗ್ಗ, ನಿಜ. ಆದರೆ 2 ನಿಮಿಷ ಮೊದಲು ಹೇಳಿ ವಾಪಸ್ ಕಿತ್ತುಕೊಳ್ಳುತ್ತಾರೆ. ಫೋಟೋ ಚಿಕ್ಕದು ಮಾಡುವ ಕೆಲಸಕ್ಕೆ ಸರಿ, ಡೇಟಾಬೇಸ್‌ಗೆ ಬೇಡವೇ ಬೇಡ. ಮಷೀನ್ ನಿಲ್ಲಿಸಿದರೂ ಡಿಸ್ಕ್ ಬಾಡಿಗೆ ಓಡುತ್ತಲೇ ಇರುತ್ತದೆ. 2024ರ ಫೆಬ್ರವರಿಯಿಂದ ಪ್ರತಿ ಪಬ್ಲಿಕ್ ಐಪಿವಿ4 ವಿಳಾಸಕ್ಕೂ (ಇಂಟರ್ನೆಟ್‌ನಲ್ಲಿ ಮಷೀನಿನ ನಂಬರ್) ಗಂಟೆಗೆ ಅರ್ಧ ಸೆಂಟ್, ತಿಂಗಳಿಗೆ 3.6 ಡಾಲರ್ ಆಯಿತು. ಅದನ್ನು ಉಳಿಸಲು ಹೋಗಿ ನ್ಯಾಟ್ ಗೇಟ್‌ವೇ (ಹಲವು ಮಷೀನ್ ಒಂದೇ ವಿಳಾಸದಿಂದ ಹೊರಗೆ ಹೋಗುವ ವ್ಯವಸ್ಥೆ) ಹಾಕಿದರೆ ಇನ್ನೂ ಜಾಸ್ತಿ, ನಾನು ಹಾಕಿ ಕೈ ಸುಟ್ಟುಕೊಂಡಿದ್ದೇನೆ.

ಗೋಣಿಕೊಪ್ಪ_ಕಂಪ್ಯೂಟರ್:
ಇಷ್ಟೆಲ್ಲ ಬೇಕಾ? 64 ಚಿಕ್ಕ ಸೈಟಿಗೆ ತಿಂಗಳ ಫಿಕ್ಸ್ ರೇಟಿನ ದೊಡ್ಡ ವಿಪಿಎಸ್ (ಬಾಡಿಗೆ ವರ್ಚುವಲ್ ಸರ್ವರ್) ಒಂದು, ಮೇಲೆ ಕ್ಯಾಶ್, ಮುಗಿಯಿತು. ನನ್ನ ಪ್ರಕಾರ ತಪ್ಪು ನಿಮ್ಮ ರೇಟಿನಲ್ಲಿದೆ. ಆ ರೆಸಾರ್ಟ್‌ಗೂ ಜೇನು ಮಾರುವವರಿಗೂ ಒಂದೇ 2,400 ಯಾಕೆ? ಸೈಟಿಗೆ ಇಷ್ಟೇ ಸಿಪಿಯು ಅಂತ ಕಟ್ಟಿ, ಜಾಸ್ತಿ ಬೇಕಾದವರು ಜಾಸ್ತಿ ಕೊಡಲಿ.

ಮಡಿಕೇರಿ_ಹೋಸ್ಟ್:
ರೇಟ್ ಏರಿಸಿದರೆ ಮೈಸೂರಿನವರ ಹತ್ತಿರ ಹೋಗುತ್ತಾರೆ ಅಂತ ಭಯ. ಆದರೂ ಕ್ಯಾಲೆಂಡರ್ ಮುಚ್ಚಿ ಕ್ಯಾಶ್ ಹಾಕಿದ ಮೇಲೆ ರಾತ್ರಿಯಿಂದ 2 ಮಷೀನ್ ಮಾತ್ರ ಓಡುತ್ತಿವೆ. ಲಿಮಿಟ್ ಅನ್ನು 3ಕ್ಕೆ ಇಳಿಸಿದೆ. ಅಕ್ಕ, ಒಂದು ವರ್ಷದ್ದು ಒಂದೇ ಮಷೀನಿಗೆ ತಗೊಳ್ಳುತ್ತೇನೆ. ಆ ರೆಸಾರ್ಟ್ ಓನರ್ ಮನೆ ಮದುವೆ ಮುಂದಿನ ಭಾನುವಾರ, ರೇಟಿನ ಮಾತು ಅದು ಕಳೆದ ಮೇಲೆ.