‘ಟಾರ್ಗೆಟೆಡ್ ಕಿಲ್ಲಿಂಗ್’ಗೆ ಕನ್ನಡ ಬೇಕು, ಸಂಜೆಯೊಳಗೆ

ತುಮಕೂರಿನಿಂದ:
ನಮಸ್ಕಾರ. ನಾಡಿದ್ದು ನಮ್ಮ ವಕೀಲರ ಓದುಕೂಟದಲ್ಲಿ ಒಂದು ಮಾತುಕತೆ ಇದೆ. ಸರ್ಕಾರವೇ ಒಬ್ಬನನ್ನು ಆರಿಸಿ, ಪಟ್ಟಿಗೆ ಸೇರಿಸಿ, ಡ್ರೋನ್ ಕಳಿಸಿಯೋ ಇನ್ನು ಹೇಗೋ ಕೊಲ್ಲಿಸಿದರೆ ಅಂತರರಾಷ್ಟ್ರೀಯ ಕಾನೂನು ಏನನ್ನುತ್ತದೆ ಅಂತ. ಬಿ.ಎಚ್. ರಸ್ತೆಯ ಫ್ಲೆಕ್ಸ್ ಅಂಗಡಿಯವನು ಆರು ಗಂಟೆಯೊಳಗೆ ಮ್ಯಾಟರ್ ಕಳಿಸಿ ಅಂತ ಎರಡು ಸಲ ಫೋನ್ ಮಾಡಿದ. ‘ಉದ್ದೇಶಿತ ಹತ್ಯೆ’ ಅಂತ ಎಲ್ಲೋ ಓದಿದ್ದೆ. ಉದ್ದೇಶ ಇಲ್ಲದೆ ಯಾರು ಹತ್ಯೆ ಮಾಡ್ತಾರೆ? ‘ಗುರಿಹತ್ಯೆ’ ಸರಿಯಾ?

ಕೋಲಾರದಿಂದ:
ಸರಿಯಲ್ಲ. ಕನ್ನಡಕ್ಕೆ ಸಂಸ್ಕೃತ ಅಂಟಿಸಿದ ಅರಿಸಮಾಸ. ‘ಗುರಿಗೊಲೆ’ ಅನ್ನಿ, ಮಳೆಗಾಲದ ಹಾಗೆ. ಗಡಿಯ ನಮಗೆ ಇನ್ನೊಂದು ಲಾಭ, ಗುರಿ ಅಂದರೆ ತೆಲುಗಿನವರಿಗೂ ತಿಳಿಯುತ್ತದೆ.

ಚಿಕ್ಕಬಳ್ಳಾಪುರದಿಂದ:
ಸಮಾಸ ಆಮೇಲೆ ನೋಡೋಣ, ಮೊದಲು ಅರ್ಥ. ಕೊಲೆ ಅನ್ನೋದು ಪೊಲೀಸ್ ಸ್ಟೇಷನ್ನಿನ ಪದ, ಆಗಲೇ ಅಪರಾಧ ಆಗಿಹೋಯಿತು. ಹತ್ಯೆ ಅಂದರೆ ಶಿಶುಹತ್ಯೆ, ಬ್ರಹ್ಮಹತ್ಯೆ, ಪಾಪ ಅಂಟಿಕೊಂಡೇ ಬರುತ್ತದೆ. ವಧೆ ಅಂದರೆ ಕೀಚಕ ವಧೆ, ಸತ್ತವನು ಸಾಯಬೇಕಾದವನೇ ಅಂತ ಬಯಲಾಟ ಶುರುವಾಗುವ ಮೊದಲೇ ಗೊತ್ತು. ಇಂಥದೇ ಕೇಸಿನಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟ್ 2006ರ ಡಿಸೆಂಬರಿನಲ್ಲಿ ಏನು ಹೇಳಿತು? ಎಲ್ಲಾ ಸಲ ಸರಿ ಅನ್ನೋಕಾಗಲ್ಲ, ಎಲ್ಲಾ ಸಲ ತಪ್ಪು ಅಂತಲೂ ಆಗಲ್ಲ, ಒಂದೊಂದನ್ನೂ ಬೇರೆಬೇರೆಯಾಗಿ ನೋಡಬೇಕು ಅಂತ. 2020ರ ಜನವರಿ 3ರಂದು ಬಾಗ್ದಾದಿನಲ್ಲಿ ಇರಾನಿನ ಸೇನಾಧಿಕಾರಿ ಖಾಸಿಂ ಸುಲೇಮಾನಿಯನ್ನು ಡ್ರೋನಿನಿಂದ ಕೊಂದ ಅಮೆರಿಕ, ವಿಶ್ವಸಂಸ್ಥೆ ಸನ್ನದಿನ 51ನೇ ವಿಧಿ ಹಿಡಿದು ಇದು ಆತ್ಮರಕ್ಷಣೆ ಅಂದಿತು. ಇಂಥ ಸಾವುಗಳನ್ನು ಪರಿಶೀಲಿಸಲು ವಿಶ್ವಸಂಸ್ಥೆಯೇ ನೇಮಿಸಿದ್ದ ವಿಶೇಷ ವರದಿಗಾರ್ತಿ ಆಗ್ನೆಸ್ ಕಾಲಮಾರ್ ಅದೇ ವರ್ಷ, ತಕ್ಷಣದ ಅಪಾಯವಿತ್ತು ಅನ್ನೋದಕ್ಕೆ ಪುರಾವೆ ಎಲ್ಲಿದೆ, ಇದು ಕಾನೂನುಬಾಹಿರ ಅಂದರು. ಸಾವು ಒಂದೇ. ಬ್ಯಾನರಿನಲ್ಲೇ ‘ಕೊಲೆ’ ಅಂದುಬಿಟ್ಟರೆ ಮಾತುಕತೆ ಇನ್ಯಾಕೆ, ತೀರ್ಪೇ ಬಂತಲ್ವಾ?

ಗುಬ್ಬಿಯಿಂದ:
ಸುಮ್ನೆ ‘ಸರ್ಕಾರಿ ಸುಪಾರಿ’ ಅಂತ ಹಾಕಿ, ಜನಕ್ಕೆ ತಿಳಿಯುತ್ತೆ. ತೋಟದಲ್ಲಿರೋವರೆಗೂ ಅಡಿಕೆ, ಜೀವ ತೆಗೆಯೋಕೆ ಹೊರಟಾಗ ಮಾತ್ರ ಸುಪಾರಿ. ಚೆನ್ನಾಗಿದೆ ನಮ್ಮ ಭಾಷೆ.

ಕೋಲಾರದಿಂದ:
ಹಿಂದಿ ಬೇಡ. ನಮ್ಮಲ್ಲಿ ರಣವೀಳ್ಯ ಇತ್ತು, ಯುದ್ಧಕ್ಕೆ ಕಳಿಸುವಾಗ ಕೊಡುತ್ತಿದ್ದರು. ಸುಪಾರಿಯ ಬೇರೂ ಅಲ್ಲೇ ಇದೆ, ಯಾರೂ ಒಪ್ಪಲ್ಲ ಅಷ್ಟೇ. ಎರವಲು ತಂದು ತಂದೇ ಕನ್ನಡ ಈ ಗತಿಗೆ ಬಂದಿರೋದು.

ಚಿಕ್ಕಬಳ್ಳಾಪುರದಿಂದ:
ವೀಳ್ಯ ಯುದ್ಧಕ್ಕೆ, ಸ್ವಾಮಿ. ಯುದ್ಧವೇ ಇಲ್ಲದ ಕಡೆ ಹೋಗಿ ಕೊಲ್ಲೋದೇ ಇಲ್ಲಿನ ತಕರಾರು. ಯುದ್ಧದಲ್ಲಿ ಎದುರಾಳಿ ಸೈನಿಕನಿಗೆ ಗುರಿ ಇಡಬಹುದು. ಅದರಾಚೆ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 6ನೇ ವಿಧಿ ಅಡ್ಡ ಬರುತ್ತದೆ, ಯಾರ ಜೀವವನ್ನೂ ಮನಬಂದಂತೆ ತೆಗೆಯುವಂತಿಲ್ಲ.
ನಾಮಪದದ ಗೊಡವೆ ಬಿಡಿ, ಕ್ರಿಯಾಪದ ಹಿಡಿಯಿರಿ. ‘ಕೊಲ್ಲು’ ತೀರ್ಪು ಕೊಡಲ್ಲ, ಹಾವೂ ಕೊಲ್ಲುತ್ತೆ, ಚಳಿಯೂ ಕೊಲ್ಲುತ್ತೆ. ಅದಕ್ಕೊಂದು ‘ಇಸು’ ಸೇರಿಸಿದರೆ ಅಪ್ಪಣೆ ಕೊಟ್ಟವನೂ ಒಳಗೆ ಬಂದ. ‘ಗುರಿಯಿಟ್ಟು ಕೊಲ್ಲಿಸುವುದು’.

ತುಮಕೂರಿನಿಂದ:
ಕಳಿಸಿಬಿಟ್ಟೆ. ‘ಸರ್ಕಾರ ಗುರಿಯಿಟ್ಟು ಕೊಲ್ಲಿಸಬಹುದೇ? ಕಾನೂನು ಏನನ್ನುತ್ತದೆ?’ ಎರಡೇ ಸಾಲು, ಅಕ್ಷರ ದೊಡ್ಡದಾಗಿ ಬರುತ್ತಂತೆ. ಎಲ್ಲರಿಗೂ ಥ್ಯಾಂಕ್ಸ್.

ಕೋಲಾರದಿಂದ:
ಸರ್ಕಾರ ಪಾರ್ಸಿ. ಕಾನೂನು ಅರಬ್ಬಿ.

ತುಮಕೂರಿನಿಂದ:
ಪ್ರಿಂಟ್ ಆಗ್ತಿದೆ ಸರ್.