ಶ್ರೀಲಂಕಾಗೆ ಅಕ್ಟೋಬರಾ, ಡಿಸೆಂಬರಾ, ಏಪ್ರಿಲ್ಲಾ? ಬ್ಯಾಗಲ್ಲಿ ಏನೇನು ಹಾಕ್ಕೋಬೇಕು?

ಅಳಿಲುಮರಿ:

ಎಲ್ರಿಗೂ ನಮಸ್ಕಾರ. ಶ್ರೀಲಂಕಾಗೆ ಹೋಗೋದು ಅಂತ ಮನೇಲಿ ಎಲ್ರೂ ಒಪ್ಪಿದ್ದಾಯ್ತು, ಯಾವಾಗ ಅನ್ನೋದು ಮಾತ್ರ ಬಗೆಹರೀತಿಲ್ಲ. ನಾನು, ನಮ್ಮನೆಯವರು, ಮೂರನೇ ಕ್ಲಾಸಿನ ಮಗಳು, ಮತ್ತೆ ನಮ್ಮತ್ತೆ. ಸ್ಕೂಲ್ ರಜೆ ನೋಡ್ಕೊಂಡೇ ಹೋಗ್ಬೇಕಾಗಿರೋದ್ರಿಂದ ನಮಗಿರೋದು ಮೂರೇ ಆಯ್ಕೆ, ಅಕ್ಟೋಬರ್ ಮೊದಲ ಎರಡು ವಾರ, ಡಿಸೆಂಬರ್ ಕೊನೆ, ಇಲ್ಲಾ ಏಪ್ರಿಲ್. ಒಂದು ಕಡೆ ಓದಿದ್ರೆ ಡಿಸೆಂಬರ್ ಬೆಸ್ಟ್ ಅಂತಾರೆ, ಇನ್ನೊಂದು ಕಡೆ ಡಿಸೆಂಬರ್‌ನಲ್ಲಿ ಜೋರು ಮಳೆ ಅಂತಾರೆ, ಯಾರನ್ನ ನಂಬೋದು?

ಮಗಳಿಗೆ ಬೀಚು ಮತ್ತೆ ಆನೆ ಬೇಕು. ನನಗೆ ಆ ಟೀ ತೋಟದ ಟ್ರೈನ್. ಅತ್ತೆಗೆ ತ್ರಿಂಕೋಮಲಿಯ ಕೋಣೇಶ್ವರ ದೇವಸ್ಥಾನ, ನುವರ ಎಲಿಯ ಹತ್ರ ಇರೋ ಸೀತಮ್ಮನ ಗುಡಿ, ಕ್ಯಾಂಡಿ. ನಮ್ಮನೆಯವರಿಗೆ ಏನೂ ಬೇಡ್ವಂತೆ, ಸೂಟ್‌ಕೇಸ್ ಭಾರ ಇರ್ಬಾರದು ಅಷ್ಟೇ. ಬಿಸಿಲ ದೇಶ ತಾನೇ, ನಾಲ್ಕು ಕಾಟನ್ ಬಟ್ಟೆ ಸಾಕು ಅಂತ ಅವರ ವಾದ. ಸ್ವೆಟರ್ ಬೇಕಾ? ರೇನ್‌ಕೋಟ್ ಬೇಕಾ? ಚಾರ್ಜರ್ ಪಿನ್ ನಮ್ಮದೇ ಆಗುತ್ತಾ? ಮತ್ತೆ ನಾವು ಪೂರ್ತಿ ವೆಜ್, ಅದಕ್ಕೇನಾದ್ರೂ ಕಟ್ಕೊಂಡು ಹೋಗ್ಬೇಕಾ? ಹೋಗಿ ಬಂದೋರು ದಯವಿಟ್ಟು ಹೇಳಿ.

ಸುಮ್ನೆಒಬ್ಬ:

ಡಿಸೆಂಬರ್ ಕಣ್ರೀ. ಯೋಚ್ನೇನೇ ಬೇಡ. ಗಾಲೆ, ಉನವಟುನ, ಮಿರಿಸ್ಸ ಕಡೆ ಸಮುದ್ರ ಸೂಪರ್ ಆಗಿರುತ್ತೆ, ಮಿರಿಸ್ಸದಲ್ಲಿ ತಿಮಿಂಗಿಲ ತೋರ್ಸೋ ಬೋಟು ಕೂಡ ನವೆಂಬರಿಂದ ಏಪ್ರಿಲ್‌ವರೆಗೇ ಒಳ್ಳೇದು.

ಕಡಲಕಾಗೆ:

ಮೇಲಿನವರು ಹೇಳಿದ್ದು ಅರ್ಧ ಸರಿ. ದಕ್ಷಿಣದ ಬೀಚಿಗೆ ಡಿಸೆಂಬರ್ ಸರಿ, ಆದ್ರೆ ನಿಮ್ಮತ್ತೆ ಕೇಳ್ತಿರೋದು ತ್ರಿಂಕೋಮಲಿ, ಅದಿರೋದು ಪೂರ್ವ ಕರಾವಳೀಲಿ. ಅಲ್ಲಿ ಆಗ ಸರಿಯಾದ ಮಳೆಗಾಲ. ನೀವು ಓದಿದ ಎರಡೂ ಮಾತು ನಿಜವೇ, ಅವರವರು ಹೋದ ದಿಕ್ಕು ಬೇರೆ ಅಷ್ಟೇ.

ದೇಶ ಚಿಕ್ಕದಾದ್ರೂ ನಡುವೆ ಬೆಟ್ಟ ಗೋಡೆ ಥರ ಎದ್ದು ನಿಂತಿದೆ ನೋಡಿ, ಎಲ್ಲಾ ಆಟ ಅದರದ್ದೇ. ಮೇ ಇಂದ ಸೆಪ್ಟೆಂಬರ್ ತನಕ ನೈಋತ್ಯದ ಗಾಳಿ ಬೀಸುತ್ತೆ, ಕೊಲಂಬೊ, ಗಾಲೆ, ಬೆಟ್ಟದ ಪಶ್ಚಿಮದ ಇಳಿಜಾರು ಎಲ್ಲಾ ನೆನೆದು ತೊಪ್ಪೆ, ಅದೇ ಗಾಳಿ ಬೆಟ್ಟ ದಾಟಿ ಆ ಕಡೆ ಇಳಿಯೋ ಹೊತ್ತಿಗೆ ಒಣಗಿ ಬಿಸಿಯಾಗಿರುತ್ತೆ, ಹಾಗಾಗಿ ತ್ರಿಂಕೋಮಲಿ, ಪಾಸಿಕುಡ, ಅರುಗಮ್ ಬೇ ಕಡೆ ಆಗ ಬಿಸಿಲೋ ಬಿಸಿಲು. ಡಿಸೆಂಬರಿಂದ ಫೆಬ್ರವರಿವರೆಗೆ ಈಶಾನ್ಯದ ಗಾಳಿ, ಆಗ ಎಲ್ಲಾ ಉಲ್ಟಾ. ಅದಕ್ಕೇ "ಶ್ರೀಲಂಕಾಗೆ ಯಾವಾಗ ಹೋಗೋದು" ಅಂತ ಕೇಳಿದ್ರೆ ಉತ್ತರ ಸಿಗಲ್ಲ. ತಿಂಗಳು ಗೊತ್ತಿದ್ರೆ ಯಾವ ಕರಾವಳಿ ಅಂತ ಹೇಳ್ಬಹುದು, ಕರಾವಳಿ ಗೊತ್ತಿದ್ರೆ ಯಾವ ತಿಂಗಳು ಅಂತ ಹೇಳ್ಬಹುದು.

ಈಗ ನಿಮ್ಮ ಮೂರು ಆಯ್ಕೆಗೆ ಬರೋಣ. ಅಕ್ಟೋಬರ್ ನನ್ನ ಪ್ರಕಾರ ಬೇಡ್ವೇ ಬೇಡ. ಒಂದು ಮಳೆಗಾಲ ಮುಗಿದು ಇನ್ನೊಂದು ಶುರುವಾಗೋ ಸಂಧಿ ಅದು, ಅಕ್ಟೋಬರ್ ನವೆಂಬರ್‌ನಲ್ಲಿ ಎರಡೂ ಕಡೆ ಮಳೆ, ಮಧ್ಯಾಹ್ನ ಆದ್ಮೇಲೆ ಗುಡುಗು ಸಿಡಿಲು, ಅಲ್ಲಿಂದ ಮುಂದೆ ಬಂಗಾಳಕೊಲ್ಲಿಯ ಚಂಡಮಾರುತದ ಕಾಟ ಬೇರೆ. ಯಾಲ ನ್ಯಾಷನಲ್ ಪಾರ್ಕಿನ ಮುಖ್ಯ ಭಾಗಾನೂ ಸಾಮಾನ್ಯವಾಗಿ ಸೆಪ್ಟೆಂಬರಿಂದ ಅಕ್ಟೋಬರ್ ಮಧ್ಯದ ತನಕ ಮುಚ್ಚಿರ್ತಾರೆ.

ಡಿಸೆಂಬರ್ ಕೊನೆ ಹೋದ್ರೆ ತ್ರಿಂಕೋಮಲಿ ಮರೀಬೇಕು, ಅತ್ತೇನ ಒಪ್ಪಿಸೋ ಜವಾಬ್ದಾರಿ ನಿಮ್ದು. ಕ್ರಿಸ್‌ಮಸ್ಸಿಂದ ಹೊಸ ವರ್ಷದ ತನಕ ರೂಮಿನ ರೇಟೂ ಏರಿರುತ್ತೆ.

ಏಪ್ರಿಲ್ ಬಗ್ಗೆ ಜನ ಯಾಕೋ ಹೆಚ್ಚು ಮಾತಾಡಲ್ಲ, ನಿಮಗೆ ಅದೇ ಸರಿ ಹೊಂದುತ್ತೆ. ಎರಡೂ ಕರಾವಳಿ ಒಟ್ಟಿಗೆ ಸಿಗೋ ಅಪರೂಪದ ಟೈಮು, ಪೂರ್ವದ ಸಮುದ್ರ ಶಾಂತ ಆಗಿರುತ್ತೆ, ಪಶ್ಚಿಮದ ಮಳೆ ಇನ್ನೂ ಬಂದಿರಲ್ಲ. ಸೆಕೆ ಇರುತ್ತೆ, ಇಲ್ಲ ಅನ್ನಲ್ಲ, ಮಧ್ಯಾಹ್ನದ ಮೇಲೆ ಒಂದೆರಡು ಗಂಟೆ ಮಳೆ ಸುರಿದು ಹೋಗೋದೂ ಉಂಟು. ಬೆಳಗ್ಗೆ ಬೇಗ ಹೊರಟು ಮಧ್ಯಾಹ್ನ ರೂಮಲ್ಲಿ ಬಿದ್ಕೊಂಡ್ರೆ ಆಯ್ತು. ಒಂದೇ ಎಚ್ಚರ, 13-14ನೇ ತಾರೀಕು ಸಿಂಹಳ ತಮಿಳು ಹೊಸ ವರ್ಷ. ಆ ನಾಲ್ಕೈದು ದಿನ ಅಂಗಡಿ ಹೋಟೆಲ್ ಎಷ್ಟೋ ಮುಚ್ಚಿರ್ತವೆ, ಕೊಲಂಬೊದಲ್ಲಿರೋರೆಲ್ಲ ಊರಿಗೆ ಹೊರಟು ಬಸ್ಸು ಟ್ರೈನು ತುಂಬಿ ತುಳುಕ್ತವೆ. ನುವರ ಎಲಿಯದಲ್ಲಂತೂ ಏಪ್ರಿಲ್ ಇಡೀ ಜಾತ್ರೆ. ಹೊಸ ವರ್ಷದ ಗಲಾಟೆ ಮುಗಿದ್ಮೇಲೆ, 18-20ರ ನಂತರ ಹೋಗಿ.

ಆನೆ ವಿಷ್ಯ: ಮಿನ್ನೇರಿಯ ಕೆರೆ ಹತ್ರ ನೂರಾರು ಆನೆ ಸೇರೋದು ಆಗಸ್ಟ್ ಸೆಪ್ಟೆಂಬರ್‌ನಲ್ಲಿ, ಕೆರೆ ನೀರು ಇಳಿದು ಅಂಚಲ್ಲಿ ಹೊಸ ಹುಲ್ಲು ಬಂದಾಗ. ಏಪ್ರಿಲ್‌ನಲ್ಲಿ ಅದು ಸಿಗಲ್ಲ. ಉಡವಲವೆ ನ್ಯಾಷನಲ್ ಪಾರ್ಕ್ ಕಡೆ ಹೋದ್ರೆ ವರ್ಷಪೂರ್ತಿ ಆನೆ ಕಾಣುತ್ತೆ, ಮಗಳಿಗೆ ಅಷ್ಟು ಸಾಕು.

ಚಳಿಗೆಟೋಪಿ:

ನಾನು ಬ್ಯಾಗ್ ಬಗ್ಗೆ ಮಾತ್ರ ಹೇಳ್ತೀನಿ, ತಿಂಗಳ ವಿಷ್ಯ ಮೇಲೆ ಚೆನ್ನಾಗಿ ಹೇಳಿದಾರೆ.

ನಿಮ್ಮನೆಯವರ "ನಾಲ್ಕು ಕಾಟನ್ ಬಟ್ಟೆ" ಲೆಕ್ಕ ಕೊಲಂಬೊಗೆ ಸರಿ. ನುವರ ಎಲಿಯ ಸಮುದ್ರ ಮಟ್ಟದಿಂದ 1,868 ಮೀಟರ್ ಮೇಲಿದೆ, ಕೆಳಗಡೆ ಬೆವರು ಒರೆಸ್ಕೊಂಡು ಹೊರಟೋರು ಸಂಜೆ ಅಲ್ಲಿ ಇಳಿದಾಗ ಕೈ ಉಜ್ಜಿಕೊಂಡು ನಿಂತಿರ್ತಾರೆ. ಜನವರಿ ಫೆಬ್ರವರಿ ರಾತ್ರಿ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುತ್ತೆ. ಏಪ್ರಿಲ್‌ನಲ್ಲಿ ಅಷ್ಟಿಲ್ಲ, ಆದ್ರೂ ಒಬ್ಬೊಬ್ಬರಿಗೂ ಒಂದು ಸ್ವೆಟರ್ ಅಥವಾ ತೆಳು ಜಾಕೆಟ್ ಬೇಕೇ ಬೇಕು, ಅತ್ತೆಗೆ ಶಾಲು. ಹತ್ರದ ಹಾರ್ಟನ್ ಪ್ಲೇನ್ಸ್ ನ್ಯಾಷನಲ್ ಪಾರ್ಕಿಗೆ ಹೋಗೋದಾದ್ರೆ ಇನ್ನೂ ಚಳಿ, ಮಂಜು ಮುಚ್ಚೋ ಮುಂಚೆ ಅಲ್ಲಿನ ವರ್ಲ್ಡ್ಸ್ ಎಂಡ್ ಅನ್ನೋ ಪ್ರಪಾತ ನೋಡ್ಬೇಕು ಅಂದ್ರೆ ಬೆಳಕು ಹರಿಯೋಕೆ ಮುಂಚೇನೇ ಹೊರಡ್ಬೇಕು, ಸುಮಾರು ಒಂಬತ್ತು ಕಿಲೋಮೀಟರ್ ನಡಿಗೆ ಬೇರೆ, ಅತ್ತೆಯವರನ್ನ ಸೀತಮ್ಮನ ಗುಡಿ ಕಡೆ ಕಳಿಸೋದೇ ವಾಸಿ. ಗೇಟಲ್ಲಿ ಬ್ಯಾಗ್ ಬಿಚ್ಚಿ ಪಾಲಿಥೀನ್ ಕವರ್ ಎಲ್ಲಾ ತೆಗೆಸ್ತಾರೆ, ತಿಂಡಿ ಡಬ್ಬೀಲಿ ತಗೊಂಡು ಹೋಗಿ.

ಜೀನ್ಸ್ ಬೇಡ. ಸೆಕೆಗೆ ಹಾಕ್ಕೊಳ್ಳಕ್ಕಾಗಲ್ಲ, ಒಗೆದ್ರೆ ಒಣಗಲ್ಲ, ಬೆಟ್ಟದ ಮೇಲಂತೂ ಮೂರು ದಿನ ಆದ್ರೂ ಹಸಿ ಹಸಿ. ಸಡಿಲವಾದ ತೆಳು ಪ್ಯಾಂಟು, ಬೇಗ ಒಣಗೋ ಟೀ ಶರ್ಟು. ಗೆಸ್ಟ್‌ಹೌಸ್‌ಗಳಲ್ಲಿ ಬಟ್ಟೆ ಒಗೆದು ಕೊಡ್ತಾರೆ, ಹಾಗಾಗಿ ದಿನಕ್ಕೊಂದು ಜೊತೆ ಹೊರೋದು ದಂಡ.

ದೇವಸ್ಥಾನಕ್ಕೆ ಭುಜ, ಮೊಣಕಾಲು ಮುಚ್ಚೋ ಬಟ್ಟೆ, ಇದು ಮಗಳಿಗೂ ನಿಮ್ಮನೆಯವರಿಗೂ ಸೇರಿ, ಚಡ್ಡೀಲಿ ಬಂದ ಗಂಡಸರನ್ನೂ ಕ್ಯಾಂಡಿಯ ದಂತ ದೇಗುಲದಲ್ಲಿ ಒಳಗೆ ಬಿಡಲ್ಲ. ಚಪ್ಪಲಿ, ಟೋಪಿ ಎರಡೂ ತೆಗೀಬೇಕು. ಅನುರಾಧಪುರ, ದಂಬುಲ್ಲ ಕಡೆ ಹನ್ನೊಂದು ಗಂಟೆ ಮೇಲೆ ಕಲ್ಲು ಕಾದ ಹೆಂಚು, ಬರಿಗಾಲಲ್ಲಿ ಕುಣೀಬೇಕಾಗುತ್ತೆ, ಅದಕ್ಕೆ ಎಲ್ರ ಬ್ಯಾಗಲ್ಲೂ ಒಂದೊಂದು ಜೊತೆ ಹಳೇ ಸಾಕ್ಸ್ ಇರ್ಲಿ, ಸಾಕ್ಸ್‌ಗೆ ಯಾರೂ ಬೇಡ ಅನ್ನಲ್ಲ. ಬುದ್ಧನಿಗೆ ಬೆನ್ನು ತಿರುಗಿಸಿ ಸೆಲ್ಫಿ ತೆಗೀಬೇಡಿ, ಅಲ್ಲಿ ಅದನ್ನ ಅವಮಾನ ಅಂತ ತಗೋತಾರೆ.

ರೇನ್‌ಕೋಟಿಗಿಂತ ಛತ್ರಿ. ಆ ಸೆಕೇಲಿ ರೇನ್‌ಕೋಟ್ ಹಾಕಿದ್ರೆ ಮಳೇಲಿ ನೆನೆಯೋ ಬದಲು ಬೆವರಲ್ಲಿ ನೆನೀತೀರ. ಬಿಸಿಲಿಗೂ ಅದೇ ಛತ್ರಿ.

ಪಿನ್ ಬಗ್ಗೆ: ಹಳೇ ಕಟ್ಟಡಗಳಲ್ಲಿ ನಮ್ಮ ಥರದ್ದೇ ಮೂರು ದುಂಡು ಪಿನ್ನಿನ ಸಾಕೆಟ್ ಇರುತ್ತೆ, ಹೊಸದ್ರಲ್ಲಿ ಬ್ರಿಟನ್ನಿನ ಚೌಕ ಪಿನ್ನು. 230 ವೋಲ್ಟೇ, ಒಂದು ಯೂನಿವರ್ಸಲ್ ಅಡಾಪ್ಟರ್ ಇದ್ರೆ ಸಾಕು.

ಕಡಲಕಾಗೆ:

ಛತ್ರಿ ವಿಷ್ಯದಲ್ಲಿ ಒಪ್ಪಲ್ಲ ಸಾರ್ 🙂 ಬೆಟ್ಟದ ಮೇಲೆ ಗಾಳೀಲಿ ಛತ್ರಿ ಉಲ್ಟಾ ಆಗುತ್ತೆ. ಮಡಚಿ ಜೇಬಲ್ಲಿಡೋ ತೆಳು ರೇನ್ ಜಾಕೆಟ್ ಒಂದಿದ್ರೆ ಚಳಿ ಗಾಳಿಗೂ ಆಗುತ್ತೆ, ಸ್ವೆಟರ್ ಮೇಲೆ ಹಾಕ್ಕೋಬಹುದು.

ಚಳಿಗೆಟೋಪಿ:

ಆಯ್ತಪ್ಪ, ಬೆಟ್ಟಕ್ಕೆ ಜಾಕೆಟ್, ಕೆಳಗೆ ಛತ್ರಿ. ಸೂಟ್‌ಕೇಸ್ ಭಾರ ಆದ್ರೆ ಅವರ ಯಜಮಾನರ ಹತ್ರ ನೀವೇ ಮಾತಾಡಿ.

ಡಾಕ್ಟರ್‌ಅಲ್ಲ:

ಸೊಳ್ಳೆ ಬಗ್ಗೆ ಯಾರೂ ಹೇಳ್ಲೇ ಇಲ್ವಲ್ಲ. ಮಲೇರಿಯಾ ಭಯ ಬೇಡ, 2016ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಶ್ರೀಲಂಕಾನ ಮಲೇರಿಯಾ ಮುಕ್ತ ಅಂತ ಘೋಷಿಸಿದೆ. ಡೆಂಗ್ಯೂ ಮಾತ್ರ ಇದೆ, ಮಳೆಗಾಲದ ಜೊತೆಜೊತೆಗೆ ಜಾಸ್ತಿಯಾಗುತ್ತೆ, ಕೊಲಂಬೊ ಸುತ್ತಮುತ್ತ ಹೆಚ್ಚು. ಆ ಸೊಳ್ಳೆ ಕಚ್ಚೋದು ಹಗಲಲ್ಲಿ, ಬೆಳಗ್ಗೆ ಮತ್ತೆ ಸಂಜೆ ಕತ್ತಲಾಗೋ ಮುಂಚೆ. ರಾತ್ರಿ ಸೊಳ್ಳೆಪರದೆ ಕಟ್ಟಿ ಹಗಲೆಲ್ಲಾ ಬರಿಗೈಯಲ್ಲಿ ತಿರುಗಿದ್ರೆ ಪ್ರಯೋಜನ ಇಲ್ಲ. ಡೀಟ್ ಅಥವಾ ಪಿಕಾರಿಡಿನ್ ಇರೋ ಕ್ರೀಮ್ ತಗೊಳ್ಳಿ, ಮೊದಲು ಸನ್‌ಸ್ಕ್ರೀನ್, ಅದು ಹೀರಿದ ಮೇಲೆ ಸೊಳ್ಳೆ ಕ್ರೀಮ್. ಜ್ವರ ಬಂದ್ರೆ ಪ್ಯಾರಾಸಿಟಮಾಲ್ ಮಾತ್ರ, ಡೆಂಗ್ಯೂ ಅಲ್ಲ ಅಂತ ಗೊತ್ತಾಗೋ ತನಕ ಐಬುಪ್ರೊಫೆನ್, ಆಸ್ಪಿರಿನ್ ಮುಟ್ಟಬೇಡಿ, ರಕ್ತಸ್ರಾವಕ್ಕೆ ದಾರಿ ಮಾಡುತ್ತೆ.

ಅತ್ತೆಯವರ ಬಿಪಿ ಶುಗರ್ ಮಾತ್ರೆ ಇದ್ರೆ ಚೀಟಿ ಸಮೇತ ಕೈಚೀಲದಲ್ಲಿ, ಸೂಟ್‌ಕೇಸಲ್ಲಿ ಅಲ್ಲ. ಓಆರ್‌ಎಸ್ ನಾಲ್ಕೈದು ಪ್ಯಾಕೆಟ್. ದಾರೀಲಿ ಕಿತ್ತಳೆ ಬಣ್ಣದ ಎಳನೀರು ಮಾರ್ತಿರ್ತಾರೆ, ತಂಬಿಲಿ ಅಂತಾರೆ, ಕಂಡಾಗೆಲ್ಲ ಕುಡೀರಿ.

ಸಿಂಹರಾಜ ಕಾಡಿಗೇನಾದ್ರೂ ಹೋಗೋದಾದ್ರೆ ಜಿಗಣೆಗೆ ಮೊಣಕಾಲುದ್ದದ ಸಾಕ್ಸ್ ಬೇಕು, ನಿಮ್ಮ ಲಿಸ್ಟಲ್ಲಿಲ್ಲ ಅನ್ಸುತ್ತೆ.

ಅಳಿಲುಮರಿ:

ಎಲ್ರಿಗೂ ಥ್ಯಾಂಕ್ಸ್ ಥ್ಯಾಂಕ್ಸ್! ಮನೇಲಿ ಓದಿ ಹೇಳಿದೆ, ಏಪ್ರಿಲ್ 20ರ ಮೇಲೆ ಅಂತ ಫಿಕ್ಸ್ ಆಯ್ತು, ಸ್ವೆಟರ್ ವಾದದಲ್ಲೂ ನಾನೇ ಗೆದ್ದೆ. ಈಗ ದಾರಿ ಹೇಗೆ ಇಟ್ಕೊಳ್ಳೋದು? ಸಿಗಿರಿಯದ ಬಂಡೆ ಕೋಟೆ ಸೇರಿಸ್ಬಹುದಾ? ಮತ್ತೆ ಊಟದ ಬಗ್ಗೆ ಯಾರೂ ಹೇಳಿಲ್ಲ...

ಕಡಲಕಾಗೆ:

ಏರ್‌ಪೋರ್ಟಿಂದ ಸಿಗಿರಿಯ ಕಡೆ, ಅಲ್ಲಿಂದ ತ್ರಿಂಕೋಮಲಿ, ಆಮೇಲೆ ಕ್ಯಾಂಡಿ, ನುವರ ಎಲಿಯ, ಕೊನೇಲಿ ಟ್ರೈನಲ್ಲಿ "ಎಲ್ಲ" (Ella) ಅನ್ನೋ ಬೆಟ್ಟದೂರಿಗೆ. ಅಲ್ಲಿಂದ ಕೆಳಗೆ ಇಳಿದ್ರೆ ಉಡವಲವೆ ಸಿಗುತ್ತೆ. ಬೀಚಿಗೆ ನಿಲಾವೆಳಿ, ಕೋಣೇಶ್ವರಕ್ಕೆ ಹತ್ರಾನೇ, ದಕ್ಷಿಣದ ಬೀಚು ಬಿಟ್ಬಿಡಿ. ಎಲ್ಲಾನೂ ತುರುಕೋಕೆ ಹೋದ್ರೆ ಅತ್ತೆಯವರು ವ್ಯಾನಲ್ಲೇ ಕೂತಿರ್ತಾರೆ, ಅಲ್ಲಿನ ರಸ್ತೇಲಿ ಮ್ಯಾಪ್ ತೋರಿಸೋ ದೂರಕ್ಕೂ ಹಿಡಿಯೋ ಟೈಮಿಗೂ ಸಂಬಂಧ ಇಲ್ಲ.

ಸಿಗಿರಿಯ ಸುಮಾರು 1,200 ಮೆಟ್ಟಿಲು, ಬೆಳಗ್ಗೆ ಗೇಟ್ ತೆಗೆದ ತಕ್ಷಣ ಹತ್ತಿ. ಅತ್ತೆ ಕೆಳಗಿನ ತೋಟ, ಕೊಳ ನೋಡ್ಕೊಂಡು ಕೂರ್ಲಿ. ಎಲ್ರೂ ಪಾಸ್‌ಪೋರ್ಟ್ ಜೊತೇಲಿಟ್ಕೊಳ್ಳಿ, ಸಾರ್ಕ್ ದೇಶದವರಿಗೆ (ದಕ್ಷಿಣ ಏಷ್ಯಾದ ದೇಶಗಳ ಗುಂಪು, ನಾವೂ ಅದರಲ್ಲಿದೀವಿ) ಟಿಕೆಟ್ ದರ ಬೇರೆ ವಿದೇಶಿಯರಿಗಿಂತ ಕಡಿಮೆ, ಪಾಸ್‌ಪೋರ್ಟ್ ನೋಡಿಯೇ ಕೊಡೋದು.

ಟ್ರೈನ್ ರಿಸರ್ವೇಶನ್ 30 ದಿನ ಮುಂಚೆ ಓಪನ್ ಆಗುತ್ತೆ, ಬೇಗ ಖಾಲಿ. ಕ್ಯಾಂಡಿಯಿಂದ ಪೂರ್ತಿ ಹೋದ್ರೆ ಆರೇಳು ಗಂಟೆ, ಮಗಳಿಗೆ ಬೋರಾಗುತ್ತೆ, ನುವರ ಎಲಿಯಕ್ಕೆ ಹತ್ರದ ಸ್ಟೇಷನ್ ಹೆಸರು "ನಾನು ಓಯ" (Nanu Oya), ಅಲ್ಲಿಂದ ಹತ್ತಿದ್ರೆ ಚೆಂದದ ಭಾಗ ಸಿಗುತ್ತೆ. ಮಳೆ ಜೋರಾದಾಗ ಗುಡ್ಡ ಕುಸಿದು ಲೈನ್ ನಿಲ್ಲಿಸ್ತಾರೆ, ಹಾಗಾಗಿ ಬುಕ್ ಮಾಡೋ ಮುಂಚೆ ಯಾವ ಭಾಗ ಓಡ್ತಿದೆ ಅಂತ ವಿಚಾರಿಸಿ. ವೀಸಾಗೆ ಇಟಿಎ (ಆನ್‌ಲೈನಲ್ಲಿ ತಗೊಳ್ಳೋ ಪ್ರವೇಶ ಅನುಮತಿ) ಅರ್ಜೀನ ಅಲ್ಲಿನ ಸರ್ಕಾರದ ವೆಬ್‌ಸೈಟಲ್ಲೇ ಹಾಕಿ, ಅದೇ ಥರ ಕಾಣೋ ದುಬಾರಿ ಸೈಟು ಬೇಕಾದಷ್ಟಿದಾವೆ.

ಡಾಕ್ಟರ್‌ಅಲ್ಲ:

ಊಟ ನಾನು ಹೇಳ್ತೀನಿ, ನಾನೂ ವೆಜ್. ಅನ್ನದ ಜೊತೆ ನಾಲ್ಕೈದು ತರಕಾರಿ ಪಲ್ಯ ಗೊಜ್ಜು, ಬೇಳೆ ಸಾರಿನ ಥರದ ಪರಿಪ್ಪು, ಇಡಿಯಪ್ಪ, ಆಪ್ಪ ಎಲ್ಲಾ ಸಿಗುತ್ತೆ, ಹಸಿವಿಂದ ಇರಲ್ಲ. ಆದ್ರೆ ಉಂಬಲಕಡ ಅಂತ ಒಣಗಿಸಿದ ಮೀನಿನ ಚೂರು, ಅದನ್ನ ತೆಂಗಿನಕಾಯಿ ಸಂಬೋಲಕ್ಕೆ (ನಮ್ಮ ಚಟ್ನಿ ಥರದ್ದು), ಕೆಲವು ಸಲ ತರಕಾರಿ ಪಲ್ಯಕ್ಕೂ ಹಾಕ್ತಾರೆ. "ವೆಜ್" ಅಂದ್ರೆ ಸಾಲ್ದು, ಉಂಬಲಕಡ ಬೇಡ ಅಂತ ಹೆಸರು ಹಿಡಿದು ಹೇಳಿ. ತ್ರಿಂಕೋಮಲಿ ಕಡೆ, ಕೊಲಂಬೊದ ವೆಲ್ಲವತ್ತೆ ಕಡೆ ತಮಿಳರ ಪೂರ್ತಿ ವೆಜ್ ಹೋಟೆಲ್ ಇವೆ, ಅಲ್ಲಿ ಈ ತಾಪತ್ರಯ ಇಲ್ಲ. ಕಟ್ಕೊಂಡು ಹೋಗೋದಾದ್ರೆ ಟ್ರೈನಿಗೆ ಅಂತ ಒಣ ತಿಂಡಿ ಒಂದೆರಡು ಡಬ್ಬಿ, ಗಾಳಿಯಾಡದ ಮುಚ್ಚಳ ಇರ್ಲಿ, ಆ ತೇವಕ್ಕೆ ಗರಿಗರಿ ಅನ್ನೋದೆಲ್ಲಾ ಒಂದೇ ದಿನಕ್ಕೆ ಮೆತ್ತಗಾಗುತ್ತೆ.