ದೇವಸ್ಥಾನದಲ್ಲಿ ಮದುವೆ ಆಗಿದೆ, ಜರ್ಮನಿಗೆ ಹೋಗಲು ಇನ್ನೊಮ್ಮೆ ಮದುವೆ ಆಗಬೇಕಾ?

ಎಂಟನೇ ಕ್ರಾಸ್ ಮಲ್ಲಿಗೆ:
ಮಲ್ಲೇಶ್ವರದ ದೇವಸ್ಥಾನವೊಂದರಲ್ಲಿ ಫೆಬ್ರವರಿಯಲ್ಲಿ ನಮ್ಮ ಮದುವೆ ಆಯಿತು. ಧಾರೆ, ಸಪ್ತಪದಿ ಎಲ್ಲಾ ಶಾಸ್ತ್ರೋಕ್ತ. ರಿಜಿಸ್ಟರ್ ಮಾತ್ರ ಮಾಡಿಸಿಲ್ಲ. ಈಗ ಯಜಮಾನರಿಗೆ ಮ್ಯೂನಿಕ್‌ನಲ್ಲಿ ಕೆಲಸ ಸಿಕ್ಕಿದೆ. ವೀಸಾ ಏಜೆಂಟ್ ಒಬ್ಬರು "ದೇವಸ್ಥಾನದ ಮದುವೆ ಅಲ್ಲಿ ಲೆಕ್ಕಕ್ಕಿಲ್ಲ, ಅಲ್ಲೇ ಹೋಗಿ ಸಿವಿಲ್ ಮದುವೆ ಆಗಿ, ಸದ್ಯಕ್ಕೆ ಅವಿವಾಹಿತೆ ಅಂತ ಬರೆದುಕೊಡಿ" ಅನ್ನುತ್ತಿದ್ದಾರೆ. ಅಮ್ಮನ ಕಿವಿಗೆ ಬಿದ್ದು ಮನೆಯಲ್ಲಿ ರಾಮಾಯಣ. ನಿಜವಾಗಿ ಏನು ಮಾಡಬೇಕು?

ಕಪ್ಪು ಕೋಟು:
ಅಪ್ಪಿತಪ್ಪಿಯೂ ಹಾಗೆ ಬರೆದುಕೊಡಬೇಡಿ ಮೇಡಂ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ, ಗಂಡಿನ ಕಡೆಯದೋ ಹೆಣ್ಣಿನ ಕಡೆಯದೋ ಪದ್ಧತಿಯಂತೆ ಶಾಸ್ತ್ರ ನಡೆದಿದ್ದರೆ ಮದುವೆ ಆದಂತೆಯೇ. ರಿಜಿಸ್ಟರ್ ಆಗಿಲ್ಲ ಅಂತ ಅದು ಬಿದ್ದುಹೋಗುವುದಿಲ್ಲ, 8ನೇ ಸೆಕ್ಷನ್ನಲ್ಲೇ ಹಾಗಿದೆ. ತಮಾಷೆ ಅಂದ್ರೆ ಉಲ್ಟಾ ಕೇಸು ನಿಲ್ಲುವುದಿಲ್ಲ: ಶಾಸ್ತ್ರವನ್ನೇ ಮಾಡದೆ ವೀಸಾಗೆ ಅಂತ ಸುಮ್ನೆ ಸರ್ಟಿಫಿಕೇಟ್ ಮಾಡಿಸಿದರೆ ಅದು ಹಿಂದೂ ಮದುವೆಯೇ ಅಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ನಿಮಗೆ ಬೇಕಿರುವುದು ಇನ್ನೊಂದು ಮದುವೆ ಅಲ್ಲ, ಆದ ಮದುವೆಗೆ ಪುರಾವೆ. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ರಿಜಿಸ್ಟರ್ ಮಾಡಿಸಿ, ನೋಂದಣಿ ಇಲಾಖೆಯ ಕಾವೇರಿ 2.0 ವೆಬ್‌ಸೈಟಲ್ಲಿ ಆನ್‌ಲೈನ್ ಅರ್ಜಿಯೂ ಇದೆ.

ಫ್ರಾಂಕ್‌ಫರ್ಟ್ ಗೌಡ:
ಏಜೆಂಟ್ ಅರ್ಧ ಕೇಳಿಸಿಕೊಂಡು ಹೇಳಿದ್ದಾನೆ ಅಷ್ಟೇ. ಜರ್ಮನಿಯ *ಒಳಗೆ* ಆಗುವ ಮದುವೆ ಸ್ಟಾಂಡೆಸಾಮ್ಟ್ ಎನ್ನುವ ಸರ್ಕಾರಿ ಆಫೀಸಲ್ಲೇ ಆಗಬೇಕು. 1876ರಿಂದಲೂ ಹಾಗೇ. ಜರ್ಮನಿಯ ದೇವಸ್ಥಾನದಲ್ಲೋ ಚರ್ಚಲ್ಲೋ ಎಷ್ಟೇ ಜೋರಾಗಿ ಮದುವೆ ಆದರೂ ಕಾನೂನಿಗೆ ನೀವು ಬ್ರಹ್ಮಚಾರಿನೇ. ಆದರೆ ಹೊರದೇಶದಲ್ಲಿ ಆ ದೇಶದ ಕಾನೂನಿನಂತೆ ಮದುವೆ ನಡೆದಿದ್ದರೆ, ಅದು ಯಾವ ವಿಧಾನದಲ್ಲಾಯಿತು ಅಂತ ಜರ್ಮನಿ ತಕರಾರು ಮಾಡುವುದಿಲ್ಲ. ಮಲ್ಲೇಶ್ವರದ ಧಾರೆಯೂ ಸರಿಯೇ. ಇಂಗ್ಲೆಂಡಲ್ಲೂ ಹೆಚ್ಚುಕಮ್ಮಿ ಇದೇ ಕಥೆ. ಲಂಡನ್ನಲ್ಲಿ ಬರೀ ನಿಕಾಹ್ ಆಗಿ ರಿಜಿಸ್ಟರ್ ಮದುವೆ ಆಗದೇ ಇದ್ದ ಜೋಡಿಯದ್ದು ಕಾನೂನಿನ ಲೆಕ್ಕದಲ್ಲಿ ಮದುವೆಯೇ ಅಲ್ಲ ಅಂತ 2020ರಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟ್ ಹೇಳಿತು, ಪಾಪ ಆಕೆಗೆ ವರ್ಷಗಟ್ಟಲೆ ಸಂಸಾರ ಮಾಡಿದ ಮೇಲೆ ಇದು.

ಇನ್ನೊಂದು ವಿಷಯ. ಅಪಾಸ್ಟಿಲ್ (ಅಂತರರಾಷ್ಟ್ರೀಯ ಒಪ್ಪಂದವೊಂದರಂತೆ ದಾಖಲೆ ಅಸಲಿ ಅಂತ ಸರ್ಕಾರ ಹಾಕುವ ಮುದ್ರೆ) ಮಾಡಿಸಿದರೆ ಮುಗೀತು ಅಂದುಕೊಳ್ಳಬೇಡಿ. ಭಾರತ ಆ ಒಪ್ಪಂದಕ್ಕೆ 2004ರಲ್ಲಿ ಸೇರಿದ್ದಕ್ಕೆ ಜರ್ಮನಿ ಆಕ್ಷೇಪ ಎತ್ತಿತ್ತು. ಹಾಗಾಗಿ ದಾಖಲೆಗಳ ಪರಿಶೀಲನೆ ಅಂತ ಬೇರೆಯೇ ಕೇಳಬಹುದು, ಟೈಮ್ ಹಿಡಿಯುತ್ತೆ. ಕಾನ್ಸುಲೇಟ್‌ನ ಪಟ್ಟಿ ಮೊದಲು ನೋಡಿ.

ಜಯನಗರದ ಆಂಟಿ:
ನಮ್ಮ ಮಗಳ ಮದುವೆ ರಿಜಿಸ್ಟರ್ ಮಾಡಿಸುವಾಗ ಅಡ್ಡಿಯಾಗಿದ್ದು ಲಗ್ನಪತ್ರಿಕೆಯಿಂದ! ಅದರಲ್ಲಿ ಚಿ॥ಸೌ॥ ಪಕ್ಕ ಮನೇಲಿ ಕರೆಯುವ ಹೆಸರು, ಪಾಸ್‌ಪೋರ್ಟಲ್ಲಿ ಅಪ್ಪನ ಹೆಸರೇ ಸರ್‌ನೇಮ್, ಆಧಾರಲ್ಲಿ ಬರೀ ಇನಿಷಿಯಲ್. ಮೇಲಾಗಿ ರಿಸೆಪ್ಷನ್ ಹಿಂದಿನ ದಿನ ಸಂಜೆ, ಮುಹೂರ್ತ ಮಾರನೇ ಬೆಳಿಗ್ಗೆ. ಅರ್ಜಿ ತುಂಬಿದ ಹುಡುಗ ರಿಸೆಪ್ಷನ್ ತಾರೀಖು ಹಾಕಿಬಿಟ್ಟಿದ್ದ. ಮುಹೂರ್ತದ ದಿನವೇ ಹಾಕಿಸಮ್ಮ, ಹೆಸರು ಪಾಸ್‌ಪೋರ್ಟಲ್ಲಿ ಇರುವ ಹಾಗೇ ಅಕ್ಷರ ಅಕ್ಷರ ನೋಡಿ.

ಎಂಟನೇ ಕ್ರಾಸ್ ಮಲ್ಲಿಗೆ:
ಥ್ಯಾಂಕ್ಸ್ ಎಲ್ಲರಿಗೂ. ಆಂಟಿ, ನಮ್ಮ ಪತ್ರಿಕೆಯಲ್ಲಿ ಇವರ ಹೆಸರು "ಪುಟ್ಟು" ಅಂತ ಬ್ರಾಕೆಟ್‌ನಲ್ಲಿದೆ, ಅದಕ್ಕೂ ಅಫಿಡವಿಟ್ ಬೇಕಾಗುತ್ತಾ?

ಕಪ್ಪು ಕೋಟು:
ಮುಖ್ಯ ಹೆಸರು ಸರಿಯಿದ್ದರೆ ಸಾಮಾನ್ಯವಾಗಿ ಬೇಕಾಗಲ್ಲ. ದೇವಸ್ಥಾನದ ರಸೀದಿ, ತಾಳಿ ಕಟ್ಟುವ ಫೋಟೋ ಜೊತೆಗಿರಲಿ.